ಫಿಸಿಯೋಥೆರಪಿಯ ಫಲವನ್ನು ಅಳೆಯುವ ಬಗೆ

ಪ್ರಶ್ನೆ: ನಮ್ಮ ತಂದೆಯವರಿಗೆ 67 ವರ್ಷ. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತವು. ಈಗ ವಾರಕ್ಕೆ ಮೂರು ದಿನ ಹೊರರೋಗಿ ವಿಭಾಗಕ್ಕೆ ಫಿಸಿಯೋಥೆರಪಿಗೆ ಕರೆದೊಯ್ಯುತ್ತಿದ್ದೇವೆ. ಹೋದ ತಿಂಗಳು ಬರ್ಗ್ ಸ್ಕೇಲಿನಲ್ಲಿ 33 ಅಂಕ ಇತ್ತು, ಈಗ 37 ಆಗಿದೆ, ಸುಧಾರಣೆ ಚೆನ್ನಾಗಿದೆ ಎನ್ನುತ್ತಾರೆ. ಆದರೆ ಮನೆಯಲ್ಲಿ ಬಚ್ಚಲಿಗೆ ಹೋಗುವಾಗ ಈಗಲೂ ಒಬ್ಬರು ಹಿಡಿದುಕೊಳ್ಳಬೇಕು, ಪಂಚೆಯನ್ನು ನಾವೇ ಉಡಿಸಬೇಕು. ಅಂಕವನ್ನು ನಂಬಬೇಕೋ, ಕಣ್ಣಿಗೆ ಕಾಣುವುದನ್ನು ನಂಬಬೇಕೋ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡನ್ನೂ ನಂಬಬಹುದು, ಅವು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿವೆ, ಅಷ್ಟೆ. ಕೆನಡಾದ ಕ್ಯಾಥರೀನ್ ಬರ್ಗ್ ಮತ್ತು ಅವರ ಸಹೋದ್ಯೋಗಿಗಳು 1989ರಲ್ಲಿ ಪ್ರಕಟಿಸಿದ ಈ ಮಾಪನದಲ್ಲಿ 14 ಪರೀಕ್ಷೆಗಳಿವೆ. ಕುರ್ಚಿಯಿಂದ ಏಳುವುದು, ಆಸರೆಯಿಲ್ಲದೆ ಎರಡು ನಿಮಿಷ ನಿಲ್ಲುವುದು, ಕಣ್ಣು ಮುಚ್ಚಿ ನಿಲ್ಲುವುದು, ನೆಲದ ಮೇಲಿನ ವಸ್ತುವನ್ನು ಬಗ್ಗಿ ಎತ್ತಿಕೊಳ್ಳುವುದು, ನಿಂತಲ್ಲೇ ಒಂದು ಸುತ್ತು ತಿರುಗುವುದು ಇತ್ಯಾದಿ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವುದರಿಂದ ಒಟ್ಟು 56 ಆಗುತ್ತದೆ. ಇದು ದೇಹದ ಸಮತೋಲನವನ್ನು ಅಳೆಯುವ ಸಾಧನ. ನಡಿಗೆಯ ಪರೀಕ್ಷೆ ಇದರಲ್ಲಿ ಇಲ್ಲವೇ ಇಲ್ಲ. ಪಂಚೆಯ ಗಂಟು ಕಟ್ಟಲು ಬೇಕಾದ ಬೆರಳುಗಳ ಚಳಕವನ್ನೂ ಇದು ಕೇಳುವುದಿಲ್ಲ. ಆದ್ದರಿಂದ ಅಂಕ ಏರಿದರೂ ಬಚ್ಚಲಿನ ದಾರಿ ಹಾಗೆಯೇ ಉಳಿದಿರುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ವಿಷಯವನ್ನು ನಿಮ್ಮ ಚಿಕಿತ್ಸಕರು ಹೇಳಬೇಕಿತ್ತು. ಒಬ್ಬರೇ ರೋಗಿಯನ್ನು ಇಂದು ಮತ್ತು ನಾಳೆ ಪರೀಕ್ಷಿಸಿದರೆ, ಅವರಲ್ಲಿ ಯಾವ ಬದಲಾವಣೆಯೂ ಆಗದಿದ್ದರೂ, ಅಂಕ ಸ್ವಲ್ಪ ಮೇಲೆ ಕೆಳಗೆ ಆಗುತ್ತದೆ. ಆ ಏರಿಳಿತವನ್ನು ದಾಟಿದ ವ್ಯತ್ಯಾಸವನ್ನು ಮಾತ್ರ ನಿಜವಾದ ಬದಲಾವಣೆ ಎನ್ನಬಹುದು. ವಯಸ್ಸಾದವರನ್ನು ಕುರಿತ ಅಧ್ಯಯನಗಳ ಪ್ರಕಾರ, ಬರ್ಗ್ ಅಂಕ ನಿಮ್ಮ ತಂದೆಯವರ ಮಟ್ಟದಲ್ಲಿರುವಾಗ ಈ ಗಡಿ ಸುಮಾರು ಐದರಿಂದ ಏಳು ಅಂಕಗಳಷ್ಟಿದೆ. ಹಾಗಾಗಿ ನಾಲ್ಕು ಅಂಕಗಳ ಏರಿಕೆಯನ್ನು ಒಳ್ಳೆಯ ಸೂಚನೆ ಎಂದುಕೊಳ್ಳಬಹುದೇ ಹೊರತು ‘ಚೆನ್ನಾಗಿ ಸುಧಾರಿಸಿದೆ’ ಎಂದು ತೀರ್ಪು ಕೊಡುವಷ್ಟು ಅದು ದೊಡ್ಡದಲ್ಲ. ಇದನ್ನು ಚಿಕಿತ್ಸಕರ ಮೇಲಿನ ದೂರಾಗಿ ಹೇಳುತ್ತಿಲ್ಲ. ರೋಗಿಯ ಉತ್ಸಾಹ ಕುಗ್ಗಬಾರದೆಂದು ಹೀಗೆ ಹೇಳುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ.

ಮುಂದಿನ ಸಲ ಹೋದಾಗ ನಡಿಗೆಯ ವೇಗವನ್ನು ಅಳೆಯುವಂತೆ ಕೇಳಿ. ಹತ್ತು ಮೀಟರ್ ದೂರವನ್ನು ತಮ್ಮ ಸಹಜ ವೇಗದಲ್ಲಿ ನಡೆಯಲು ಎಷ್ಟು ಸೆಕೆಂಡು ಬೇಕು ಎಂಬುದಷ್ಟೇ ಇಲ್ಲಿಯ ಲೆಕ್ಕ. ಹೊರಡುವಾಗಿನ ಮತ್ತು ನಿಲ್ಲುವಾಗಿನ ನಿಧಾನ ಲೆಕ್ಕಕ್ಕೆ ಸೇರದಿರಲೆಂದು ಗುರುತಿನ ಆಚೆ ಈಚೆ ಒಂದೆರಡು ಮೀಟರ್ ಹೆಚ್ಚಿಗೆ ನಡೆಸುತ್ತಾರೆ. 25 ಸೆಕೆಂಡು ಹಿಡಿಯುತ್ತಿದ್ದ ದೂರಕ್ಕೆ 18 ಸೆಕೆಂಡು ಸಾಕಾದರೆ ವೇಗವು ಸೆಕೆಂಡಿಗೆ 0.4 ಮೀಟರಿನಿಂದ ಸುಮಾರು 0.56ಕ್ಕೆ ಏರಿದಂತೆ, ಪಾರ್ಶ್ವವಾಯುವಿನ ನಂತರದ ತಿಂಗಳುಗಳಲ್ಲಿ ಇಷ್ಟು ಏರಿಕೆಯಾದರೆ ಅದು ದಿನನಿತ್ಯದ ಓಡಾಟದಲ್ಲೂ ಅರ್ಥಪೂರ್ಣ ಬದಲಾವಣೆ ಎಂದು ಸಂಶೋಧಕರು ಪರಿಗಣಿಸುತ್ತಾರೆ. ವೇಗವು 0.4ಕ್ಕಿಂತ ಕಡಿಮೆಯಿರುವವರ ಓಡಾಟ ಸಾಮಾನ್ಯವಾಗಿ ಮನೆಯೊಳಗೇ ಮುಗಿಯುತ್ತದೆ, 0.8 ದಾಟಿದವರು ಬೀದಿ, ಅಂಗಡಿ ಎಂದು ಹೆಚ್ಚು ಸಲೀಸಾಗಿ ತಿರುಗಾಡಬಲ್ಲರು. ಕೈಯ ಚೇತರಿಕೆಗೆ 66 ಅಂಕಗಳ ಫ್ಯೂಗಲ್-ಮೇಯರ್ ಎಂಬ ಪ್ರತ್ಯೇಕ ಪರೀಕ್ಷೆಯೇ ಇದೆ.

ಇನ್ನು ಪಂಚೆಯ ವಿಷಯ. ಸ್ವಂತ ಕೆಲಸಗಳನ್ನು ಅಳೆಯುವ ಬಾರ್ಥೆಲ್ ಸೂಚ್ಯಂಕವು 1965ರಿಂದ ಬಳಕೆಯಲ್ಲಿದೆ. ಉಣ್ಣುವುದು, ಸ್ನಾನ, ಶೌಚ, ಬಟ್ಟೆ ಹಾಕಿಕೊಳ್ಳುವುದು, ಮೆಟ್ಟಿಲು ಹತ್ತುವುದು ಮೊದಲಾದ ಹತ್ತು ಬಾಬತ್ತುಗಳಿಗೆ ಒಟ್ಟು 100 ಅಂಕ. ಅದರ ತೊಡಕೇನೆಂದರೆ, ಅಂಕಗಳು ಐದೈದರ ಹೆಜ್ಜೆಯಲ್ಲಿ ಏರುತ್ತವೆ. ಮೊದಲು ಪಂಚೆಯನ್ನು ಅರ್ಧದಷ್ಟು ತಾವೇ ಸುತ್ತಿಕೊಳ್ಳುತ್ತಿದ್ದವರು ಈಗ ಸೊಂಟಕ್ಕೆ ಸುತ್ತಿ, ಅಂಚನ್ನು ಎಡಗೈಯಲ್ಲಿ ಬಿಗಿಹಿಡಿದು, ಗಂಟಿಗೆ ಮಾತ್ರ ಮಗಳನ್ನು ಕರೆಯುತ್ತಿದ್ದರೆ ಅದು ಮನೆಯವರಿಗೆ ದೊಡ್ಡ ಬದಲಾವಣೆಯೇ. ಕಾಗದದ ಮೇಲೆ ಮಾತ್ರ ಆಗಲೂ ಐದು, ಈಗಲೂ ಐದು. ಆದ್ದರಿಂದ ನೀವೇ ಒಂದು ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ, ಯಾವ ಕೆಲಸದಲ್ಲಿ ಯಾವ ಹಂತದಲ್ಲಿ ಸಹಾಯ ಬೇಕಾಯಿತು ಎಂದು ಬರೆದಿಟ್ಟು ಚಿಕಿತ್ಸಕರಿಗೆ ತೋರಿಸಿ. ಬರ್ಗ್ ಪರೀಕ್ಷೆಯನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಕಣ್ಣು ಮುಚ್ಚಿಸಿ, ಒಂಟಿ ಕಾಲಲ್ಲಿ ನಿಲ್ಲಿಸಿ ಬೀಳಿಸಿದರೆ ಆಗುವ ನಷ್ಟ ದೊಡ್ಡದು.

ಪ್ರಶ್ನೆ: ಅತ್ತೆಯವರಿಗೆ ಮಂಡಿ ಕೀಲು ಬದಲಿಸಿ ಆರು ವಾರವಾಯಿತು. ಹೋದ ವಾರ ಮಂಡಿ 105 ಡಿಗ್ರಿ ಮಡಚುತ್ತಿದೆ ಎಂದರು, ಈ ವಾರ 100 ಎಂದರು. ಅತ್ತೆ ಅಂದಿನಿಂದ ಚಿಂತೆಗೆ ಬಿದ್ದಿದ್ದಾರೆ. ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಯಾರು ಯಾವಾಗ ಕೇಳಿದರೂ ‘ಐದು’ ಎಂದೇ ಹೇಳುತ್ತಾರೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಐದು ಡಿಗ್ರಿಯ ವ್ಯತ್ಯಾಸಕ್ಕೆ ಚಿಂತಿಸಬೇಕಿಲ್ಲ. ಮಂಡಿಯ ಪಕ್ಕದಲ್ಲಿಟ್ಟು ಅಳೆಯುವ ಕೋನಮಾಪಕದಲ್ಲಿ ಅಷ್ಟು ಹೆಚ್ಚುಕಡಿಮೆ ಸಹಜ. ಅಳೆದವರು ಬೇರೆಯವರಾಗಿದ್ದರೆ, ಒಮ್ಮೆ ಮಲಗಿಸಿ ಇನ್ನೊಮ್ಮೆ ಕೂರಿಸಿ ಅಳೆದಿದ್ದರೆ, ಒಮ್ಮೆ ಅತ್ತೆಯವರೇ ಮಡಚಿ ಇನ್ನೊಮ್ಮೆ ಚಿಕಿತ್ಸಕರು ಒತ್ತಿ ಮಡಚಿಸಿದ್ದರೆ ವ್ಯತ್ಯಾಸ ಇದಕ್ಕಿಂತ ಹೆಚ್ಚೇ ಬರಬಹುದು. ಆದರೆ ವಾರದಿಂದ ವಾರಕ್ಕೆ ಇಳಿಯುತ್ತಲೇ ಹೋದರೆ, ಊತ ಅಥವಾ ಕೆಂಪು ಹೆಚ್ಚಿದರೆ, ಜ್ವರ ಬಂದರೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ತಡಮಾಡದೆ ಕಾಣಿ.

ಮಡಚುವುದರ ಬಗ್ಗೆ ಕೇಳುವಷ್ಟು ನೇರವಾಗುವುದರ ಬಗ್ಗೆ ಮನೆಯವರು ಯಾರೂ ಕೇಳುವುದಿಲ್ಲ. ಮಂಡಿ ಪೂರ್ತಿ ನೇರವಾಗದಿದ್ದರೆ ಕುಂಟು ಉಳಿಯುತ್ತದೆ. ಆ ಅಳತೆಯನ್ನೂ ಬರೆಸಿಕೊಳ್ಳಿ. ಜೊತೆಗೆ ‘ಟೈಮ್ಡ್ ಅಪ್ ಅಂಡ್ ಗೋ’ ಎಂಬ ಸರಳ ಪರೀಕ್ಷೆಯಿದೆ: ಕೈಯಿರುವ ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಹಿಡಿಯುವ ಕಾಲ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯದ ಬಗ್ಗೆ ಎಚ್ಚರ ಬೇಕು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಪ್ರತಿ ಸಲವೂ ಅದೇ ಕುರ್ಚಿ ಇರಬೇಕು. ಒಮ್ಮೆ ಊಟದ ಮೇಜಿನ ಕುರ್ಚಿ, ಇನ್ನೊಮ್ಮೆ ತಗ್ಗಾದ ಸೋಫಾ ಆದರೆ ಅಳೆದದ್ದು ಸೋಫಾದ ಎತ್ತರವೇ ಆಗಿಬಿಡುತ್ತದೆ.

ನೋವಿನ ‘ಐದು’ ನಮ್ಮ ಹಿರಿಯರ ಸೌಜನ್ಯದ ಉತ್ತರ. ಹೆಚ್ಚು ಎಂದರೆ ಮನೆಯವರಿಗೆ ಬೇಸರ, ಕಡಿಮೆ ಎಂದರೆ ಮಾತ್ರೆ ನಿಲ್ಲಿಸಿಬಿಡುತ್ತಾರೆ ಎಂಬ ಅಳುಕು. ಅಂಕದ ಬದಲು ನೆನ್ನೆ ರಾತ್ರಿ ನೋವಿನಿಂದ ಎಚ್ಚರವಾಯಿತೇ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಾಯಿತೇ ಎಂದು ಕೇಳಿ ನೋಡಿ.

ಪ್ರಶ್ನೆ: ಹುಬ್ಬಳ್ಳಿಯ ಕ್ಲಿನಿಕ್ ಒಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಒಬ್ಬ ರೋಗಿಗೆ ಸಿಗುವುದು ಅರ್ಧ ಗಂಟೆ. ಆಡಳಿತದವರು ಎಲ್ಲ ರೋಗಿಗಳ ಪ್ರಗತಿಯನ್ನೂ ಒಂದೇ ಮಾಪನದಲ್ಲಿ ಕೊಡಿ, ಸರಾಸರಿ ತೆಗೆದು ಗೋಡೆಗೆ ಹಾಕೋಣ ಎನ್ನುತ್ತಾರೆ. ಇದು ಸರಿಯೇ?
– ಹೆಸರು ಬೇಡ

ಉತ್ತರ: ಭುಜದ ನೋವಿನವರನ್ನೂ ಲಕ್ವದವರನ್ನೂ ಒಂದೇ ಮಾಪನದಲ್ಲಿ ಹಾಕಬೇಕೆಂದರೆ, ರೋಗಿಯೇ ಕೆಲಸವನ್ನು ಆರಿಸಿಕೊಳ್ಳುವಂಥದ್ದನ್ನು ಬಳಸಿ. 1995ರಲ್ಲಿ ಕೆನಡಾದಲ್ಲಿ ರೂಪುಗೊಂಡ ‘ಪೇಷಂಟ್ ಸ್ಪೆಸಿಫಿಕ್ ಫಂಕ್ಷನಲ್ ಸ್ಕೇಲ್’ ಅಂಥದ್ದು. ತನಗೆ ಕಷ್ಟವಾಗುತ್ತಿರುವ ಮೂರರಿಂದ ಐದು ಕೆಲಸಗಳನ್ನು ರೋಗಿ ತಾನೇ ಹೆಸರಿಸಿ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಒಬ್ಬಾಕೆ ಮಿಕ್ಸಿಯ ಜಾರನ್ನು ಮೇಲಿನ ಹಲಗೆಯಿಂದ ಇಳಿಸುವುದು ಎನ್ನಬಹುದು, ಇನ್ನೊಬ್ಬರು ಬಸ್ಸು ಹತ್ತುವುದು ಎನ್ನಬಹುದು. ಅದರ ಜೊತೆಗೆ ಕಾಯಿಲೆಗೆ ತಕ್ಕಂತೆ ಗಡಿಯಾರ ಹಿಡಿದು ಮಾಡುವ ಒಂದೇ ಒಂದು ಪರೀಕ್ಷೆ ಸಾಕು. ಮೊದಲ ಭೇಟಿಯಲ್ಲೇ ಅಳೆಯಿರಿ; ಊರುಗೋಲು, ಪಾದರಕ್ಷೆ, ಹೊತ್ತು ಇವನ್ನೂ ಬರೆದಿಡಿ. ಸಾಧ್ಯವಾದರೆ ಮರು ಅಳತೆಯನ್ನು ಸಹೋದ್ಯೋಗಿಯಿಂದ ಮಾಡಿಸಿ, ಏಕೆಂದರೆ ತಾನು ಚಿಕಿತ್ಸೆ ಕೊಟ್ಟವರಿಗೆ ಅಂಕ ಹಾಕುವಾಗ ಯಾರ ಕೈಯೂ ಸ್ವಲ್ಪ ಧಾರಾಳವಾಗುತ್ತದೆ.

ಗೋಡೆಯ ಸರಾಸರಿಯ ಬಗ್ಗೆ ನನಗೆ ಒಲವಿಲ್ಲ. ಮರು ಅಳತೆಗೆ ಸಿಗುವವರು ಕೊನೆಯವರೆಗೂ ಬಂದವರು ಮಾತ್ರ. ಗುಣ ಕಾಣದೆ ನಡುವೆ ಬಿಟ್ಟವರು, ಆಟೋ ಖರ್ಚು ಭರಿಸಲಾಗದವರು, ಕರೆತರುವ ಮಗನಿಗೆ ರಜೆ ಸಿಗದವರು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಹೀಗಾಗಿ ರೋಗಿಗಳು ಹೆಚ್ಚು ಹೆಚ್ಚು ಬಿಟ್ಟುಹೋಗುವ ಕ್ಲಿನಿಕ್ಕಿನ ಸರಾಸರಿಯೇ ಒಮ್ಮೊಮ್ಮೆ ಚೆಂದ ಕಾಣುತ್ತದೆ. ಎಷ್ಟು ಜನರನ್ನು ಮೊದಲ ಸಲ ಅಳೆದಿರಿ, ಅವರಲ್ಲಿ ಎಷ್ಟು ಜನರನ್ನು ಮತ್ತೆ ಅಳೆದಿರಿ ಎಂಬ ಎರಡು ಸಂಖ್ಯೆಗಳನ್ನೂ ಸರಾಸರಿಯ ಪಕ್ಕದಲ್ಲೇ ಬರೆಯಬೇಕೆಂದು ಆಡಳಿತದವರಿಗೆ ಹೇಳಿ. ಬರುವುದನ್ನು ನಿಲ್ಲಿಸಿದವರಿಗೆ ಫೋನ್ ಮಾಡಿ. ಬಾರ್ಥೆಲ್ ಸೂಚ್ಯಂಕದ ಪ್ರಶ್ನೆಗಳನ್ನು ಫೋನಿನಲ್ಲೇ ಕೇಳಬಹುದು, ಏಕೆ ನಿಲ್ಲಿಸಿದಿರಿ ಎಂಬುದನ್ನೂ ಅದೇ ಕರೆಯಲ್ಲಿ ಕೇಳಿಕೊಳ್ಳಬಹುದು.