ಮಾರ್ನಿಂಗ್ಟನ್ ಬೇರೆ, ವೆಲ್ಲೆಸ್ಲಿ ಬೇರೆಯೇ?

ಪಾಂಡವಪುರದ ಶಿಕ್ಷಕರೊಬ್ಬರು ಬರೆದಿದ್ದಾರೆ: ‘ನಾಲ್ಕನೇ ಮೈಸೂರು ಯುದ್ಧದ ಕಾಲದ ಗವರ್ನರ್ ಜನರಲ್ ಒಂದು ಪುಸ್ತಕದಲ್ಲಿ ಲಾರ್ಡ್ ಮಾರ್ನಿಂಗ್ಟನ್, ಇನ್ನೊಂದರಲ್ಲಿ ಲಾರ್ಡ್ ವೆಲ್ಲೆಸ್ಲಿ. ಮಕ್ಕಳು ಕೇಳಿದರೆ ಏನು ಹೇಳಲಿ?’

ಮೇಷ್ಟ್ರೇ, ಇಬ್ಬರೂ ಒಬ್ಬನೇ. ಅವನು ರಿಚರ್ಡ್ ವೆಲ್ಲೆಸ್ಲಿ. ಮಾರ್ನಿಂಗ್ಟನ್ ಎಂಬುದು ಅವನಿಗೆ ಅಪ್ಪನಿಂದ ಬಂದ ಐರಿಷ್ ಬಿರುದು. ಐರ್ಲೆಂಡಿನ ಮೀತ್ ಸೀಮೆಯಲ್ಲಿ ಬಾಯ್ನ್ ನದಿ ಕಡಲು ಸೇರುವಲ್ಲಿ ಆ ಹೆಸರಿನ ಊರಿದೆ.

ಅಜ್ಜ ಹುಟ್ಟಿದ್ದು ಕಾಲಿ ಮನೆತನದಲ್ಲಿ. ವೆಸ್ಲಿ ಮನೆತನದ ನೆಂಟನೊಬ್ಬನ ಆಸ್ತಿ 1728ರಲ್ಲಿ ಕೈಗೆ ಬಂದಾಗ ಆ ಮನೆಯ ಹೆಸರನ್ನೇ ಇಟ್ಟುಕೊಂಡ; ಅದೇ ಮುಂದೆ ವೆಲ್ಲೆಸ್ಲಿ ಆಯಿತು. 1746ರಲ್ಲಿ ಬ್ಯಾರನ್ (ಪ್ರಭುಪದವಿಗಳಲ್ಲಿ ಕೆಳಗಿನದು) ಮಾರ್ನಿಂಗ್ಟನ್ ಆದ. ಮಗ ಗ್ಯಾರೆಟ್ 1760ರಲ್ಲಿ ಅರ್ಲ್ ಪದವಿಗೇರಿದ. ಈ ಗ್ಯಾರೆಟ್ ಸಂಗೀತಗಾರ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕ. ಶ್ರೀರಂಗಪಟ್ಟಣಕ್ಕೆ ಸೈನ್ಯ ಕಳಿಸಿದ ರಿಚರ್ಡನೂ ಆ ಸೈನ್ಯದಲ್ಲಿ ಕಾದಿದ ಆರ್ಥರನೂ ಅವನ ಮಕ್ಕಳು. ಇದು ನನಗೆ ತಿಳಿದ ದಿನ ಬಹಳ ಹೊತ್ತು ಮನಸ್ಸು ತಡೆದು ನಿಂತಿತ್ತು.

1799ರ ಮೇ 4ರಂದು ಟಿಪ್ಪು ಮಡಿದ. ರಿಚರ್ಡ್ ದೊಡ್ಡ ಬ್ರಿಟಿಷ್ ಬಿರುದನ್ನು ಎದುರುನೋಡಿದ್ದ. ಡಿಸೆಂಬರ್‌ನಲ್ಲಿ ಸಿಕ್ಕಿದ್ದು ಅರ್ಲ್‌ಗಿಂತ ಮೇಲಿನದಾದರೂ ಐರ್ಲೆಂಡಿನದೇ ಆದ ‘ಮಾರ್ಕ್ವೆಸ್ ವೆಲ್ಲೆಸ್ಲಿ’ ಪದವಿ. ಐರಿಷ್ ಬಿರುದಿನ ಬಲದಿಂದ ಲಂಡನ್ನಿನ ಪ್ರಭುಗಳ ಸಭೆಯಲ್ಲಿ ಕೂರುವಂತಿರಲಿಲ್ಲ. ಅಲ್ಲಿ ಅವನು 1797ರಲ್ಲಿ ಪಡೆದ ಬ್ಯಾರನ್ ಪದವಿಯವನಾಗಿಯೇ ಉಳಿದ. ‘ಎರಡು ಸಲ ಚಿನ್ನದ ನೀರು ಕೊಟ್ಟ ಆಲೂಗಡ್ಡೆ’, ಅಂದರೆ ಮೇಲೆ ಹೊಳಪು, ಒಳಗೆ ಬರೀ ಐರಿಷ್ ಸರಕು ಎಂದು ಆ ಮಾರ್ಕ್ವೆಸ್ ಪದವಿಯನ್ನು ಹಳಿದ. ಸಾವಿರಾರು ಜನ ಪ್ರಾಣ ಬಿಟ್ಟ ಕೋಟೆಗೆ ಸಿಕ್ಕ ಉಡುಗೊರೆ ಸಾಲದೆಂದು ಮುನಿಸಿಕೊಂಡ ಈ ಮನುಷ್ಯನನ್ನು ಕ್ಷಮಿಸುವುದು ನನಗೆ ಕಷ್ಟ.

ಆ ಬಿರುದು ಅವನೊಂದಿಗೇ 1842ರಲ್ಲಿ ಅಳಿಯಿತು. ಮಕ್ಕಳಿದ್ದರು, ಆದರೆ ಎಲ್ಲರೂ ವಿವಾಹಬಂಧನದ ಹೊರಗೆ ಹುಟ್ಟಿದವರು. ಕಾನೂನು ಅವರನ್ನು ವಾರಸುದಾರರೆಂದು ಒಪ್ಪಲಿಲ್ಲ. ಹಳೆಯ ಮಾರ್ನಿಂಗ್ಟನ್ ಪದವಿ ಮಾತ್ರ ತಮ್ಮ ವಿಲಿಯಮ್‌ಗೆ ಹೋಯಿತು. ಅವನ ಗಂಡು ಸಂತಾನ 1863ರಲ್ಲಿ ಮುಗಿದಾಗ ಆರ್ಥರನ ಮಗ, ಎರಡನೆಯ ಡ್ಯೂಕ್ ಆಫ್ ವೆಲಿಂಗ್ಟನ್‌ಗೆ ಬಂತು. ಇಂದಿಗೂ ಆ ಮನೆಯಲ್ಲೇ ಇದೆ.

ಆದ್ದರಿಂದ ಯುದ್ಧದ ಪಾಠದಲ್ಲಿ ಮಾರ್ನಿಂಗ್ಟನ್ ಎನ್ನಿ, 1800ರಿಂದ ಈಚಿನದಕ್ಕೆ ವೆಲ್ಲೆಸ್ಲಿ ಎನ್ನಿ. ಬಿಡುವಾದಾಗ ಮಕ್ಕಳನ್ನು ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಗೆ ಕರೆದೊಯ್ಯಿರಿ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿ ಮುಗಿಸಿದ ಆ ಕಲ್ಲು ಸೇತುವೆಗೆ ಇಟ್ಟದ್ದು ಆರ್ಥರನ ಹೆಸರೆಂದು ಹಲವರು ತಿಳಿದಿದ್ದಾರೆ. ಅದು ಅಣ್ಣನದು, ಅವನು ಹಳಿದ ಅದೇ ಐರಿಷ್ ಬಿರುದು.

— ಸಂಪಾದಕ