ಕೋರ್ ಕಿಂಟ್ ಅವರಿಗೆ ಒಲಿಂಪಿಕ್ ಪದಕ ಏಕಿಲ್ಲ?

ಎರಡು ದಶಕ ಉಳಿದ ವಿಶ್ವದಾಖಲೆ ಬರೆದ ನೆದರ್ಲೆಂಡ್ಸ್‌ನ ಈಜುಗಾರ್ತಿ ಕೋರ್ ಕಿಂಟ್ ಒಲಿಂಪಿಕ್ ಪದಕವನ್ನೇಕೆ ಗೆಲ್ಲಲಿಲ್ಲ ಎಂದು ಕೇಳಿದ್ದೀರಿ. ಅವರ ಪಾಲಿಗೆ ಒಲಿಂಪಿಕ್ಸೇ ನಡೆಯಲಿಲ್ಲ!

1938ರಲ್ಲಿ ಲಂಡನ್ನಿನಲ್ಲಿ ಯುರೋಪಿಯನ್ ಚಾಂಪಿಯನ್ ಆದ ಅವರು, ಮರುವರ್ಷ ಸೆಪ್ಟೆಂಬರಿನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು (ಬೆನ್ನ ಮೇಲೆ ಮಲಗಿ ಈಜುವ ಶೈಲಿ) 1 ನಿಮಿಷ 10.9 ಸೆಕೆಂಡಿನಲ್ಲಿ ಈಜಿ ಆ ವಿಶ್ವದಾಖಲೆ ಬರೆದರು. ಆಗ ಅವರಿಗೆ ಕೇವಲ 19 ವರ್ಷ. ಆದರೆ ಆ ತಿಂಗಳೇ ಯುದ್ಧ ಶುರುವಾಗಿತ್ತು; 1940 ಮತ್ತು 1944ರ ಕೂಟಗಳು ರದ್ದಾದವು.

ಹೋಲಿಸಿ ನೋಡಿ: 1948ರ ಒಲಿಂಪಿಕ್ಸ್‌ನಲ್ಲಿ ಇದೇ ಸ್ಪರ್ಧೆಯಲ್ಲಿ ಡೆನ್ಮಾರ್ಕಿನ ಕರೆನ್ ಹಾರುಪ್ ಚಿನ್ನ ಗೆದ್ದದ್ದು 1:14.4ರಲ್ಲಿ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಜೂಡಿ ಗ್ರಿನ್‌ಹ್ಯಾಮ್ ಗೆದ್ದದ್ದು 1:12.9ರಲ್ಲಿ. ಹದಿನೇಳು ವರ್ಷಗಳ ನಂತರದ ಚಿನ್ನವೂ ಕಿಂಟ್ ಅವರಿಗಿಂತ ನಿಧಾನ! ಈ ಅಂಕಿಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.