‘ಚಲಾ ಗಯಾ’ ಎಂದರೆ ‘ಹೊರಟುಹೋದೆ’ ಅಲ್ಲ

1961ರ ಹಿಂದಿ ಚಿತ್ರ ‘ಹಮ್ ದೋನೋ’ದ ‘ಮೈಂ ಜಿಂದಗೀ ಕಾ ಸಾಥ್ ನಿಭಾತಾ ಚಲಾ ಗಯಾ’ ಹಾಡು ಬೇಜವಾಬ್ದಾರಿ ಕಲಿಸುತ್ತದೆಯೇ, ‘ಚಲಾ ಗಯಾ’ ಎಂದರೆ ಬಿಟ್ಟು ಹೋದೆ ಎಂದೇ ಅಂತ ಕೇಳಿದ್ದೀರಿ. ಎಡವಟ್ಟಾಗಿರುವುದು ಅನುವಾದದಲ್ಲಿ. ‘ಚಲಾ ಗಯಾ’ ಒಂಟಿಯಾಗಿ ಬಂದರೆ ಹೊರಟುಹೋದ ಎಂದರ್ಥ, ನಿಜ. ಆದರೆ ಇಲ್ಲಿ ಅದರ ಹಿಂದೆ ‘ನಿಭಾತಾ’ ಇದೆ. ‘-ತಾ ಚಲಾ ಗಯಾ’ ಅಂದರೆ ನಮ್ಮ ‘-ಉತ್ತಲೇ ಹೋದೆ’. ‘ಸಾಥ್ ನಿಭಾನಾ’ ಎಂದರೆ ಕೊನೆತನಕ ಜೊತೆ ಬಿಡದಿರುವುದು. ಅಂದರೆ ಬದುಕಿನ ಕೈಬಿಡದೆ ಜೊತೆಗೇ ನಡೆಯುತ್ತ ಹೋದೆ. ತಪ್ಪಿಸಿಕೊಂಡವನ ಮಾತಲ್ಲ ಇದು.

ಸಾಹಿರ್ ಲುಧಿಯಾನ್ವಿ ಇದನ್ನು ಗಜಲ್ ಕಟ್ಟಿನಲ್ಲಿ ಬರೆದಿದ್ದಾರೆ. ‘ಚಲಾ ಗಯಾ’ ರದೀಫ್, ಅಂದರೆ ಬದಲಾಗದ ಕೊನೆ. ಅದರ ಹಿಂದಿನ ಪ್ರಾಸಪದಗಳನ್ನಷ್ಟೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ನಿಭಾತಾ, ಉಡಾತಾ, ಮನಾತಾ, ಭುಲಾತಾ, ಲಾತಾ. ಜೊತೆಗಿರು, ಹಾರಿಸು, ಆಚರಿಸು, ಮರೆ, ತಾ. ಐದೂ ಮಾಡುವ ಕೆಲಸಗಳೇ, ತಾನಾಗಿ ಆಗುವಂಥದ್ದು ಒಂದೂ ಇಲ್ಲ.

ಎಲ್ಲರ ಬಾಯಲ್ಲಿರುವುದು ಚಿಂತೆಯನ್ನು ಹೊಗೆಯಲ್ಲಿ ಹಾರಿಸುವ ಸಾಲು. ನಾಯಕ ದೇವ್ ಆನಂದ್ ಬಾಯಲ್ಲಿ ಸಿಗರೇಟು ಇದ್ದದ್ದಕ್ಕೆ ಅದಕ್ಕೆ ಅಷ್ಟು ಮಹತ್ವ! ನನ್ನ ಪ್ರಕಾರ ಹಾಡಿನ ತಿರುಳಿರುವುದು ಕೊನೆಯ ಚರಣದಲ್ಲಿ. ನೋವು–ನಲಿವಿನ ವ್ಯತ್ಯಾಸ ತೋರದ ‘ಮಕಾಮ್’ಗೆ ಮನಸ್ಸನ್ನು ‘ತರುತ್ತ ಹೋದೆ’ ಅನ್ನುತ್ತಾನೆ ನಾಯಕ. ಸೂಫಿಗಳಲ್ಲಿ ಮಕಾಮ್ ಎಂದರೆ ಸಾಧನೆಯಿಂದ ಏರುವ ಮೆಟ್ಟಿಲು. ‘ತಲುಪಿದೆ’ ಅನ್ನುವುದಿಲ್ಲ, ಗಮನಿಸಿ.

ಇನ್ನೊಮ್ಮೆ ಕೇಳುವಾಗ ಗಾಯಕ ಮೊಹಮ್ಮದ್ ರಫಿ ‘ಚಲಾ ಗಯಾ’ವನ್ನು ಎಷ್ಟು ಹಗುರಾಗಿ ಮುಗಿಸುತ್ತಾರೆ ನೋಡಿ.